ಹಾಲಿನ ಕ್ಯಾನಿನಿಂದ ಹಡಗಿನವರೆಗೆ: ನಮ್ಮ ಮಕ್ಕಳಿಗೊಂದು ಉದ್ಯೋಗ ಮಾರ್ಗ



ಗೋರ್ಟಾ (ಬಿ) ಹಾಗೂ ಬಸವಕಲ್ಯಾಣ, ಹುಮನಾಬಾದ್ ಕಡೆಯ ಹಳ್ಳಿಗಳಲ್ಲಿ ರಾಸುಗಳ ತಪಾಸಣೆಗೆ ಬಂದಾಗ ತಾವು ಕೇಳುವ ಪ್ರಶ್ನೆಯೊಂದಿದೆ: “ಸಾಹೇಬ್ರೇ, ಮಗ ಬಿ.ಕಾಂ. ಮುಗಿಸ್ಯಾನ, ಮಗಳು ಪಿ.ಯು.ಸಿ. ಪಾಸಾಗ್ಯಾಳ. ಮುಂದ ಏನ್ ಓದಸಬೇಕ್ರಿ?” ಇದಕ್ಕೆ ಒಂದು ಉತ್ತರವಾಗಿ, ನಮ್ಮ ಭಾಗದಲ್ಲಿ ಹೆಚ್ಚು ಪರಿಚಯವಿಲ್ಲದ ಉದ್ಯೋಗವೊಂದನ್ನು ಇಲ್ಲಿ ವಿವರಿಸಲಾಗಿದೆ. ಅದೇ ಜಾಗತಿಕ ಸರಬರಾಜು ಸರಪಳಿಯ ನಿರ್ವಹಣೆ ಮತ್ತು ವಿದೇಶ ವ್ಯಾಪಾರದ ನಿಯಮ ಪಾಲನೆ. ಹೆಸರು ದೊಡ್ಡದಾದರೂ ಕೆಲಸದ ಮೂಲ ತಮಗೆ ತಿಳಿದದ್ದೇ.

ಸರಪಳಿ ಎಂದರೇನು?

ಹಳ್ಳಿಯ ಸಂಘದಲ್ಲಿ ಹಾಲನ್ನು ಅಳೆದು, ಮಾದರಿ ತೆಗೆದು, ಫ್ಯಾಟ್ ನೋಡಿ ದಾಖಲಿಸುತ್ತಾರೆ. ಅಲ್ಲಿಂದ ಹಾಲು ಶೀತಲೀಕರಣ ಕೇಂದ್ರಕ್ಕೆ, ನಂತರ ಡೇರಿಗೆ ಹೋಗುತ್ತದೆ. ಪ್ರತಿ ಹಂತದಲ್ಲೂ ಒಬ್ಬರು ನೋಡುತ್ತಾರೆ, ಬರೆಯುತ್ತಾರೆ, ಸಹಿ ಮಾಡುತ್ತಾರೆ. ಒಂದು ಕೊಂಡಿ ತಪ್ಪಿದರೂ ಹಾಲು ಒಡೆಯುತ್ತದೆ. ತುಪ್ಪ ಅಥವಾ ಹಾಲಿನ ಪುಡಿ ಸಮುದ್ರ ದಾಟುವಾಗಲೂ ಹೀಗೆಯೇ. ಸರಕು ಸರಿಯಾದ ಸಮಯಕ್ಕೆ, ಕೆಡದಂತೆ ತಲುಪುವುದನ್ನು ನೋಡಿಕೊಳ್ಳುವವರು ಸರಪಳಿಯ ನಿರ್ವಾಹಕರು. ಎರಡೂ ದೇಶಗಳ ಕಾನೂನಿಗೆ ಆ ಸರಕು ಒಪ್ಪುವಂತೆ ನೋಡಿಕೊಳ್ಳುವವರು ನಿಯಮ ಪಾಲನಾ ಅಧಿಕಾರಿಗಳು.

ರಫ್ತು ಮಾಡುವ ಸಂಸ್ಥೆಗೆ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ನೀಡುವ ಆಮದು-ರಫ್ತು ಸಂಕೇತ ಸಂಖ್ಯೆ ಬೇಕು. ಸರಕಿಗೂ ಒಂದು ಸಂಖ್ಯೆ ಉಂಟು. ಹಾಲಿನ ಪುಡಿಗೆ 0402, ಬೆಣ್ಣೆ ಮತ್ತು ತುಪ್ಪಕ್ಕೆ 0405ರಿಂದ ಆರಂಭವಾಗುವ ಸಂಖ್ಯೆಗಳು. 1988ರಿಂದ ಜಾರಿಯಲ್ಲಿರುವ ಈ ಪದ್ಧತಿಯಲ್ಲಿ ಮೊದಲ 6 ಅಂಕಿಗಳು ಅದನ್ನು ಒಪ್ಪಿದ ದೇಶಗಳಿಗೆಲ್ಲ ಒಂದೇ. ಸಂಖ್ಯೆ ತಪ್ಪಾದರೆ ಸುಂಕ ತಪ್ಪುತ್ತದೆ, ಸರಕು ಬಂದರಿನಲ್ಲೇ ನಿಲ್ಲುತ್ತದೆ, ದಂಡವೂ ಬೀಳಬಹುದು.

ಕೊಟ್ಟಿಗೆಗೂ ಇದಕ್ಕೂ ಏನು ಸಂಬಂಧ?

ತೇವ ತಗುಲಿದ ಶೇಂಗಾ ಹಿಂಡಿ, ಹತ್ತಿಕಾಳು ಹಿಂಡಿಗೆ ಬೂಸ್ಟು ಹಿಡಿದರೆ ಅದರಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟಬಹುದು. ರಾಸು ಅದನ್ನು ತಿಂದರೆ ವಿಷದ ಅಂಶ ಹಾಲಿಗೆ ಇಳಿಯುತ್ತದೆ, ಕಾಯಿಸಿದರೂ ಹೋಗುವುದಿಲ್ಲ. ಒಂದು ಕಿಲೋ ಹಾಲಿನಲ್ಲಿ ಇದರ ಮಿತಿ ನಮ್ಮ ದೇಶದಲ್ಲಿ 0.5 ಮೈಕ್ರೋಗ್ರಾಂ, ಯುರೋಪ್ ಒಕ್ಕೂಟದಲ್ಲಿ 0.05. ಅಂದರೆ ಇಲ್ಲಿ ಪಾಸಾದ ಹಾಲು ಅಲ್ಲಿ ಫೇಲಾಗಬಹುದು. ಯಾವ ದೇಶಕ್ಕೆ ಯಾವ ಮಿತಿ ಎಂಬುದನ್ನು ಮೊದಲೇ ತಿಳಿದು ಹೇಳುವುದೇ ಈ ಉದ್ಯೋಗದವರ ಕೆಲಸ.

ಅಲಕ್ಷ್ಯದ ಫಲವನ್ನು ಜಗತ್ತು 2008ರಲ್ಲಿ ಕಂಡಿತು. ಚೀನಾದಲ್ಲಿ ನೀರು ಬೆರೆಸಿದ ಹಾಲಿನಲ್ಲಿ ಪ್ರೋಟೀನ್ ಹೆಚ್ಚಾಗಿ ಕಾಣಲೆಂದು ಮೆಲಮೈನ್ ಎಂಬ ರಾಸಾಯನಿಕ ಸೇರಿಸಿದ್ದರು. 6 ಹಸುಗೂಸುಗಳು ಸತ್ತವು, ಸುಮಾರು 3 ಲಕ್ಷ ಮಕ್ಕಳು ಕಾಯಿಲೆ ಬಿದ್ದರು. ಭಾರತವು ಅದೇ ವರ್ಷ ಚೀನಾದ ಹಾಲಿನ ಪದಾರ್ಥಗಳ ಆಮದನ್ನು ನಿಷೇಧಿಸಿತು. ಹಾಲು ಕರೆಯುವಲ್ಲಿಂದ ಅಂಗಡಿಯವರೆಗಿನ ದಾಖಲೆ ಸರಿಯಿದ್ದರೆ ಇಂಥ ಮೋಸವನ್ನು ಬೇಗ ಪತ್ತೆ ಹಚ್ಚಬಹುದು.

ಏನು ಓದಬೇಕು?

1. ಪಿ.ಯು.ಸಿ. ಪಾಸಾದವರು ಕಸ್ಟಮ್ಸ್ ಬ್ರೋಕರ್ ಕಚೇರಿಗಳಲ್ಲಿ ಸಹಾಯಕರಾಗಿ ಸೇರಬಹುದು. 2018ರ ನಿಯಮಾವಳಿಯಂತೆ ಅಲ್ಲಿನ ನೌಕರರಿಗೆ ಪಿ.ಯು.ಸಿ. ಕನಿಷ್ಠ ವಿದ್ಯಾರ್ಹತೆ. ಮುಂದೆ ಇಲಾಖೆಯ ಪರೀಕ್ಷೆ ಪಾಸು ಮಾಡಿ ಮೇಲಕ್ಕೆ ಹೋಗಲು ಅವಕಾಶವಿದೆ.

2. ಬಿ.ಕಾಂ. ಆದವರು ವಿದೇಶ ವ್ಯಾಪಾರ ಅಥವಾ ಸರಬರಾಜು ನಿರ್ವಹಣೆಯಲ್ಲಿ ಡಿಪ್ಲೊಮಾ, ಎಂ.ಬಿ.ಎ. ಮಾಡಬಹುದು. ದೆಹಲಿಯ ಭಾರತೀಯ ವಿದೇಶ ವ್ಯಾಪಾರ ಸಂಸ್ಥೆ ಇದಕ್ಕೆಂದೇ 1963ರಲ್ಲಿ ಸ್ಥಾಪನೆಯಾದದ್ದು.

3. ವಿಜ್ಞಾನ ಓದಿದವರಿಗೆ ಡೇರಿ ತಂತ್ರಜ್ಞಾನ ಉತ್ತಮ. ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯಕ್ಕೆ ಸೇರಿದ ಹೈನು ವಿಜ್ಞಾನ ಕಾಲೇಜು ಕಲಬುರಗಿ ಜಿಲ್ಲೆಯ ಮಹಾಗಾಂವದಲ್ಲೇ ಇದೆ.

ಕಂಪ್ಯೂಟರ್ ಜ್ಞಾನ, ಇಂಗ್ಲಿಷ್ ಓದಿ ಬರೆಯುವ ರೂಢಿ ಮತ್ತು ಲೆಕ್ಕದಲ್ಲಿ ಎಚ್ಚರ, ಈ ಮೂರು ಎಲ್ಲರಿಗೂ ಅಗತ್ಯ. ಆರಂಭದ ಕೆಲಸ ಹೈದರಾಬಾದ್, ಪುಣೆ, ಮುಂಬೈಯ ಗೋದಾಮು ಅಥವಾ ಕಚೇರಿಗಳಲ್ಲಿ ಸಣ್ಣದಾಗಿಯೇ ಇರುತ್ತದೆ. ಊರು ಬಿಡಬೇಕು, ತಾಳ್ಮೆ ಬೇಕು. “ವಿದೇಶದಲ್ಲಿ ನೌಕರಿ ಖಾತ್ರಿ” ಎಂದು ಮುಂಗಡ ಕೇಳುವವರಿಗೆ ಎಮ್ಮೆ ಮಾರಿ ಹಣ ಕೊಡಬೇಡಿ. ಕೋರ್ಸಿಗೆ ಮಾನ್ಯತೆ ಇದೆಯೇ ಎಂದು ಮೊದಲು ವಿಚಾರಿಸಿ.

ಸದಸ್ಯರು ಮಾಡಬೇಕಾದದ್ದು

ರಾಸಿನ ಕಿವಿಯೋಲೆಯ 12 ಅಂಕಿಗಳ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಕಾಲುಬಾಯಿ ಜ್ವರದ ಲಸಿಕೆಯನ್ನು ತಪ್ಪಿಸಬೇಡಿ. ಹಾಲಿನ ಪದಾರ್ಥ ಕೊಳ್ಳುವ ಅನೇಕ ದೇಶಗಳು ಈ ರೋಗದ ಬಗ್ಗೆ ಕೇಳಿಯೇ ಕೇಳುತ್ತವೆ. ಕೆಚ್ಚಲು ಬಾವಿಗೆ ಔಷಧಿ ಹಾಕಿಸಿದಾಗ ವೈದ್ಯರು ಹೇಳಿದಷ್ಟು ದಿನ ಆ ಹಾಲನ್ನು ಸಂಘಕ್ಕೆ ಹಾಕಬೇಡಿ. ಹಿಂಡಿ ಚೀಲಗಳನ್ನು ನೆಲಕ್ಕೆ ತಾಗದಂತೆ ಹಲಗೆಯ ಮೇಲಿಡಿ.

ಒಂದು ಪುಸ್ತಕದಲ್ಲಿ ಲಸಿಕೆ, ಔಷಧಿ, ಗರ್ಭಧಾರಣೆ, ಹಾಲಿನ ಲೆಕ್ಕವನ್ನು ಮಗನ ಕೈಯಿಂದಲೋ ಮಗಳ ಕೈಯಿಂದಲೋ ದಿನವೂ ಬರೆಸಿ. ತಮ್ಮ ಹಾಲಿನ ಗುಣಮಟ್ಟಕ್ಕೆ ಅದು ಆಧಾರವಾಗುತ್ತದೆ. ಈ ಉದ್ಯೋಗದ ಮೊದಲ ಪಾಠವೂ ಮನೆಯಲ್ಲೇ, ಖರ್ಚಿಲ್ಲದೆ ಆದಂತಾಗುತ್ತದೆ.