ಲೆಕ್ಕಕ್ಕೆ ಸಿಗದಿದ್ದ ಜ್ವರ

ಬೇಸಿಗೆಯಲ್ಲಿ ಭದ್ರಾವತಿಯವರಿಗೆ ಜ್ವರ ಬಂದರೆ ಡಾಕ್ಟರು ಕೇಳುವುದುಂಟು: "ಸೊರಬ, ಸಾಗರದ ಕಡೆ ಹೋಗಿದ್ರಾ? ಕಾಡಿಗೆ ಇಳಿದಿದ್ರಾ? ಎಲ್ಲಾದ್ರೂ ಮಂಗ ಸತ್ತಿತ್ತಾ?"

ಈ ಪ್ರಶ್ನೆ ಹುಟ್ಟಿದ್ದು 1957ರಲ್ಲಿ. ಆ ವರ್ಷ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸಿಯ, ಕೋತಿಗಳು ಸತ್ತು ಬೀಳತೊಡಗಿದವು. ಸೌದೆ, ದರಗು ತರಲು ಹೋದವರು ಜ್ವರ ಹೊತ್ತು ಮನೆಗೆ ಬಂದರು. ತಲೆಸಿಡಿತ, ಸೊಂಟ ಮೀನಖಂಡಗಳ ನೋವು, ಕೆಲವರಿಗೆ ವಸಡಿನಲ್ಲಿ ರಕ್ತ. ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ಟೆಲ್ಫೋರ್ಡ್ ವರ್ಕ್, ಹೆರಾಲ್ಡ್ ಟ್ರಪಿಡೊ ಮೊದಲಾದವರು ಹುಡುಕಾಟಕ್ಕೆ ನಿಂತರು. ಮಂಗನನ್ನೂ ಮನುಷ್ಯನನ್ನೂ ಒಟ್ಟಿಗೆ ಕೆಡವುವ ಕಾಯಿಲೆ ಎಂದರೆ ದಕ್ಷಿಣ ಅಮೆರಿಕದ ಕಾಡುಗಳ ಹಳದಿ ಜ್ವರ. ಅದೇ ಬಂತೇ ಎಂಬ ದಿಗಿಲು.

ಆ ದಿಗಿಲು ನಿಜವಾಗುವ ಸಂಭವನೀಯತೆ ಎಷ್ಟಿತ್ತು? ಸಂಭವನೀಯತೆ ಎಂದರೆ ಎಷ್ಟು ಸಲಕ್ಕೆ ಎಷ್ಟು ಸಲ ಆಯಿತೆಂಬ ಎಣಿಕೆ ಎನ್ನುವವರಿದ್ದಾರೆ. ಆ ಎಣಿಕೆಯಲ್ಲಿ ಏಷ್ಯಾದ ಹಳದಿ ಜ್ವರ ಆಗ ಸೊನ್ನೆ. ಹಾಗೆಂದು ಕೈಕಟ್ಟಿ ಕೂರುವಂತಿತ್ತೇ? ಎಂದೂ ಆಗದಿದ್ದುದರ ಬಗ್ಗೆ ಎಣಿಕೆ ಬಾಯಿ ಬಿಡುವುದಿಲ್ಲ. ಆಗ ನೆರವಿಗೆ ಬರುವುದು ಇನ್ನೊಂದು ಅರ್ಥ: ಕೈಯಲ್ಲಿರುವ ಸುಳಿವಿಗೆ ತಕ್ಕ ನಂಬಿಕೆಯ ತೂಕ. ಹೊಸ ಸುಳಿವು ಬಿದ್ದಂತೆ ತಕ್ಕಡಿ ವಾಲಬೇಕು. ಎಷ್ಟು ವಾಲಬೇಕೆಂಬ ಲೆಕ್ಕದ ಬೇರು 1763ರಲ್ಲಿ ಅಚ್ಚಾದ ಥಾಮಸ್ ಬೇಯ್ಸ್ ಪ್ರಬಂಧದಲ್ಲಿದೆ. ಕ್ಯಾಸನೂರಿನಲ್ಲಿ ಯಾರೂ ಆ ಸೂತ್ರ ಬರೆದುಕೊಂಡು ಕೂತಿದ್ದರೆಂದು ನಾನು ಹೇಳುತ್ತಿಲ್ಲ. ಹುಡುಕಾಟ ಹಿಡಿದ ಜಾಡು ಮಾತ್ರ ಅದೇ.

ಸತ್ತ ಮಂಗನಿಂದ ವೈರಸ್ ಬೇರ್ಪಡಿಸಿ ನೋಡಿದರೆ ಅದು ಹಳದಿ ಜ್ವರದ್ದಾಗಿರಲಿಲ್ಲ. ರಷ್ಯಾದ ಕಾಡುಗಳಲ್ಲಿ ಉಣ್ಣಿ ಹರಡುವ ಮಿದುಳು ಜ್ವರದ ವೈರಸ್ಸಿಗೆ ನೆಂಟ. ಹಳದಿ ಜ್ವರ ಹರಡುವ ಸೊಳ್ಳೆಯ ಮೇಲಿದ್ದ ಅನುಮಾನ ಉಣ್ಣಿಯ ಕಡೆ ತಿರುಗಿತು. ಹುಡುಕಿದರೆ ಹಿಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಉಣ್ಣಿಯಲ್ಲಿ ಅದೇ ವೈರಸ್ ಸಿಕ್ಕಿತು! ಅದರ ಮರಿ ಸಾಸಿವೆ ಕಾಳಿನಷ್ಟು. ಕಾಲಿಗೆ ಹತ್ತಿದರೂ ಗೊತ್ತಾಗುವುದಿಲ್ಲ.

ಈಗ ಅರವತ್ತಕ್ಕೂ ಹೆಚ್ಚು ವರ್ಷಗಳ ದಾಖಲೆ ಇದೆ. ಮಂಗನ ಕಾಯಿಲೆ ಎಂದು ಹೆಸರಾದ ಈ ಜ್ವರ ತಗುಲಿದ ನೂರರಲ್ಲಿ ಸುಮಾರು 3ರಿಂದ 5 ಮಂದಿ ಸಾಯುತ್ತಾರೆ. ಇದು ಎಣಿಕೆಯ ಸಂಭವನೀಯತೆ. ಉಣ್ಣಿ ಹತ್ತದಂತೆ ಮೈಗೆ ಹಚ್ಚುವ ಎಣ್ಣೆಯನ್ನು ಯಾವ ಊರಿಗೆ ಹಂಚಬೇಕು, ಎಷ್ಟು ಹಾಸಿಗೆ ಸಿದ್ಧವಿಡಬೇಕು ಎಂದು ತೀರ್ಮಾನಿಸಲು ಇಂಥ ಎಣಿಕೆಯೇ ಬೇಕು.

ಮಂಚದ ಮೇಲೆ ಮಲಗಿರುವುದು ಮಾತ್ರ ಒಬ್ಬ. ಅವನಿಗೆ ಕಾಯಿಲೆ ಇದೆ ಅಥವಾ ಇಲ್ಲ. ಶೇಕಡಾ ಲೆಕ್ಕ ಇರುವುದು ಡಾಕ್ಟರ ತಿಳಿವಿನಲ್ಲಿ. ಭದ್ರಾವತಿ ಪೇಟೆ ಬಿಟ್ಟು ಕದಲದವನ ಜ್ವರವೂ, 2019ರಲ್ಲಿ ಕಾಯಿಲೆ ಹಬ್ಬಿದ್ದ ಸಾಗರ ತಾಲ್ಲೂಕಿನ ಅರಳಗೋಡಿನ ಕಡೆ ಹೋಗಿಬಂದವನ ಜ್ವರವೂ ಥರ್ಮಾಮೀಟರಿನಲ್ಲಿ 103 ಇರಬಹುದು. "ಹೌದು, ತೋಟದ ಹಿಂದೆ ಮಂಗ ಸತ್ತಿತ್ತು" ಎಂದು ಎರಡನೆಯವನು ಅಂದ ಕ್ಷಣ ಅನುಮಾನ ಎಷ್ಟೋ ಪಟ್ಟು ಏರುತ್ತದೆ. ಅವನ ರಕ್ತದ ಮಾದರಿ ಬಿ.ಹೆಚ್. ರಸ್ತೆ ಹಿಡಿದು ಶಿವಮೊಗ್ಗದ ವೈರಸ್ ಪತ್ತೆ ಪ್ರಯೋಗಾಲಯಕ್ಕೆ ಹೊರಡುತ್ತದೆ.