ಸೈಕಲ್ ಏರಿ, ಬೆಟ್ಟ ಏರಿ!

ತಿಪಟೂರು ತಾಲ್ಲೂಕಿನ ಹೊನ್ನವಳ್ಳಿ ಸೀಮೆಯಲ್ಲಿ ಸೈಕಲ್ ಎಂಬುದು ಆಟದ ಸಾಮಾನಲ್ಲ, ಮನೆಯ ಒಬ್ಬ ಆಳು. ತೋಟಕ್ಕೆ ಹೋಗಲು ಅದೇ, ಕ್ಯಾರಿಯರ್‌ಗೆ ಕಾಯಿ ಮೂಟೆ ಬಿಗಿದು ತರಲು ಅದೇ, ಮಕ್ಕಳು ಹೈಸ್ಕೂಲಿಗೆ ಹೋಗಲೂ ಅದೇ. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯವರಿಗೆ ಉಚಿತ ಸೈಕಲ್ ಕೊಡುವ ಯೋಜನೆ ಆರಂಭಿಸಿದ ಮೇಲಂತೂ, ಅದುವರೆಗೆ ಅಣ್ಣನ ಸೈಕಲ್ಲಿನಲ್ಲಿ ಒಳಪೆಡಲು ಹೊಡೆಯುತ್ತಿದ್ದ ಎಷ್ಟೋ ಹುಡುಗಿಯರಿಗೂ ಸ್ವಂತದ್ದೊಂದು ಸೀಟು ಸಿಕ್ಕಿತು.

ಆದರೆ ಕೆರೆ ಏರಿ ದಾಟಿ, ತೆಂಗಿನ ಸಾಲಿನ ನೆರಳು ಮುಗಿದು, ರಸ್ತೆ ಮೆಲ್ಲಗೆ ತಲೆ ಎತ್ತಿತೆನ್ನಿ. ಅಲ್ಲಿಗೆ ಸವಾರಿ ಮುಗಿಯಿತು. ಹುಡುಗರು ಒಬ್ಬೊಬ್ಬರಾಗಿ ಇಳಿದು ಹ್ಯಾಂಡಲ್ ಹಿಡಿದು ತಳ್ಳತೊಡಗುತ್ತಾರೆ. ದಿಣ್ಣೆಯಲ್ಲಿ ಸೈಕಲ್ ತಳ್ಳುವುದು ಈ ಸೀಮೆಯಲ್ಲಿ ಯಾರಿಗೂ ಅವಮಾನವಲ್ಲ. ಇದೇ ಮಕ್ಕಳು ‘ನಂದಿಬೆಟ್ಟ ಸೈಕಲ್ಲಲ್ಲೇ ಹತ್ತುತ್ತೇವೆ’ ಎಂದರೆ ಮನೆಯಲ್ಲಿ ಮೊದಲು ನಗು, ಆಮೇಲೆ ಗದರಿಕೆ. ‘ಎದೆ ಒಡೆದುಕೊಂಡೀಯಾ’ ಎನ್ನುತ್ತಾರೆ ಅಜ್ಜಿ. ‘ಪರೀಕ್ಷೆ ಯಾರು ಬರೀತಾರೆ?’ ಎನ್ನುತ್ತಾರೆ ಅಪ್ಪ.

ಎರಡೂ ನ್ಯಾಯವಾದ ಮಾತೇ. ಹಾಗಿದ್ದರೂ ಭಾನುವಾರ ಬೆಳಗಿನ ಜಾವ ಬೆಂಗಳೂರಿನಿಂದ ಹೊರಟು ನಂದಿಬೆಟ್ಟ ಹತ್ತಿ ಇಳಿಯುವವರಲ್ಲಿ ಕಾಲೇಜು ಹುಡುಗರಿದ್ದಾರೆ, ಕಚೇರಿಯಲ್ಲಿ ಕೂತು ಹೊಟ್ಟೆ ಬೆಳೆಸಿದವರಿದ್ದಾರೆ, ಐವತ್ತು ದಾಟಿದವರಿದ್ದಾರೆ. ಅವರಿಗೇನು ವಿಶೇಷ ಎದೆ ಇಲ್ಲ. ಅವರ ಬಳಿ ಇರುವುದು ಗೇರು ಮತ್ತು ಒಂದಿಷ್ಟು ಲೆಕ್ಕ.

ಎಷ್ಟು ಕಡಿದು?

ನಂದಿಬೆಟ್ಟದ ಎತ್ತರ ಸಮುದ್ರ ಮಟ್ಟದಿಂದ 1,478 ಮೀಟರ್. ಬುಡದಿಂದ ತುದಿಗೆ ರಸ್ತೆ ಸುಮಾರು ಏಳೂವರೆ ಕಿಲೋಮೀಟರ್. ಅಷ್ಟರಲ್ಲಿ ಸವಾರ ಸುಮಾರು 450 ಮೀಟರ್ ಮೇಲೇರಬೇಕು. ಎಂದರೆ ನೂರು ಮೀಟರ್ ಮುಂದೆ ಹೋದಾಗ ಆರು ಮೀಟರ್ ಮೇಲೆ. ಇದನ್ನೇ ಶೇಕಡಾ 6ರ ಏರು ಎನ್ನುವುದು. ಕೇಳಲು ಸಣ್ಣ ಅಂಕಿ. ಆದರೆ ಇದು ಸರಾಸರಿ ಮಾತ್ರ. ಕೆಲವು ಕಡೆ ರಸ್ತೆ ಸುಧಾರಿಸಿಕೊಳ್ಳಲು ಬಿಡುತ್ತದೆ, ತುದಿಯ ಹತ್ತಿರದ ತಿರುವುಗಳಲ್ಲಿ ಹಾಗೆ ಬಿಟ್ಟದ್ದಕ್ಕೆಲ್ಲ ಬಡ್ಡಿ ವಸೂಲು ಮಾಡುತ್ತದೆ.

ತುಮಕೂರು ಜಿಲ್ಲೆಯವರಿಗೆ ನಂದಿಗಿಂತ ಹತ್ತಿರದ್ದು ದೇವರಾಯನದುರ್ಗ. ತುಮಕೂರಿನಿಂದ ಹದಿನೈದು ಕಿಲೋಮೀಟರಿನಷ್ಟು ದೂರ, ಎತ್ತರ ಸುಮಾರು 1,200 ಮೀಟರ್. ನಾಮದ ಚಿಲುಮೆಯ ಕಾಡು ದಾಟಿದರೆ ಏರು. ಕೆಳಗೆ ಭೋಗನರಸಿಂಹ, ಮೇಲೆ ಯೋಗನರಸಿಂಹ. ಸೈಕಲ್ ಸವಾರನ ಮಟ್ಟಿಗೆ ಈ ಹೆಸರುಗಳ ಕ್ರಮ ಸರಿಯಾಗಿಯೇ ಇದೆ. ನಂದಿಗಿಂತ ಗಿಡ್ಡ ಬೆಟ್ಟವಾದ್ದರಿಂದ ಮೊದಲ ಪ್ರಯತ್ನಕ್ಕೆ ಇದೇ ವಾಸಿ.

ದೊಡ್ಡ ಸವಾಲು ಬೇಕೆನ್ನುವವರಿಗೆ ಮಲೆನಾಡಿನ ಆಗುಂಬೆ, ಚಾರ್ಮಾಡಿ ಘಾಟಿಗಳಿವೆ. ಮಸಣಿಗುಡಿಯಿಂದ ಊಟಿಗೆ ಹತ್ತುವ ಕಲ್ಹಟ್ಟಿ ದಾರಿ ಇದೆ. ಕಲ್ಹಟ್ಟಿಯಲ್ಲಿ 36 ಹಿಮ್ಮುರಿ ತಿರುವುಗಳು, ಪ್ರತಿ ತಿರುವಿಗೂ ನಂಬರ್ ಹಲಗೆ. 2008ರಲ್ಲಿ ಆರಂಭವಾದ ‘ಟೂರ್ ಆಫ್ ನೀಲಗಿರೀಸ್’ ಸೈಕಲ್ ಯಾತ್ರೆಗೆ ಹೆಸರು ತಂದ ಏರು ಅದು. ಹೊಸಬರು ಆ ಹಲಗೆ ಎಣಿಸದಿರುವುದೇ ಲೇಸು. ‘ಇನ್ನೂ 29 ಉಳಿದಿದೆ’ ಎಂಬ ಸುದ್ದಿ ಯಾರ ಕಾಲಿಗೂ ಬಲ ಕೊಟ್ಟದ್ದಿಲ್ಲ.

ಕಾಲಿನ ಮೇಲೆ ಎಷ್ಟು ಕಿಲೋ?

ಹೈಸ್ಕೂಲಿನ ಭೌತವಿಜ್ಞಾನ ಇಲ್ಲಿ ಕೆಲಸಕ್ಕೆ ಬರುತ್ತದೆ. 50 ಕಿಲೋ ತೂಕದ ವಿದ್ಯಾರ್ಥಿ, 20 ಕಿಲೋ ತೂಕದ ಕರಿ ಸೈಕಲ್; ಒಟ್ಟು 70 ಕಿಲೋ. ಇದನ್ನು 450 ಮೀಟರ್ ಮೇಲಕ್ಕೆ ಎತ್ತಲು ಬೇಕಾದ ಶಕ್ತಿ ಸುಮಾರು 3 ಲಕ್ಷ 9 ಸಾವಿರ ಜೂಲ್. ಮುಕ್ಕಾಲು ಗಂಟೆಯಲ್ಲಿ ಹತ್ತಿದರೆ ಬರೀ ಎತ್ತುವ ಕೆಲಸಕ್ಕೇ 114 ವ್ಯಾಟ್. ಒಂದೂವರೆ ಗಂಟೆ ತೆಗೆದುಕೊಂಡರೆ ಅದರ ಅರ್ಧ, 57 ವ್ಯಾಟ್ ಸಾಕು. ಅಂದಮೇಲೆ ನಿಧಾನವಾಗಿ ಹತ್ತಿದರಾಯಿತಲ್ಲ?

ಆಗುವುದಿಲ್ಲ. ಎಡವಟ್ಟಾಗುವುದೇ ಇಲ್ಲಿ. ಹಳೆಯ ಕರಿ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಮುಂದಿನ ಚೈನ್ ವೀಲ್‌ಗೆ 44 ಹಲ್ಲು, ಹಿಂದಿನ ಫ್ರೀವೀಲ್‌ಗೆ 18. ಪೆಡಲು ಒಂದು ಸುತ್ತು ಬಂದರೆ ಸೈಕಲ್ ಸುಮಾರು 5.4 ಮೀಟರ್ ಮುಂದೆ ಹೋಗುತ್ತದೆ. ಬಯಲಿನಲ್ಲಿ ಇದು ಹದವಾದ ಲೆಕ್ಕ. ಶೇಕಡಾ 6ರ ಏರಿನಲ್ಲಾದರೋ, ಪ್ರತಿ ಸುತ್ತಿಗೂ 70 ಕಿಲೋ ಭಾರವನ್ನು 32 ಸೆಂಟಿಮೀಟರ್ ಎತ್ತಿದಂತೆ. ಪೆಡಲಿನ ಮೇಲೆ ಸರಾಸರಿ 21 ಕಿಲೋ ಒತ್ತಡ ಬೀಳಬೇಕು. ಏರು ಶೇಕಡಾ 12 ಆದರೆ ಒತ್ತಡ 42 ಕಿಲೋ. ಇದೂ ಸರಾಸರಿಯೇ. ಪೆಡಲು ಮೇಲಿನ, ಕೆಳಗಿನ ತುದಿಗಳಲ್ಲಿ ಇರುವಾಗ ಕಾಲು ಹೆಚ್ಚೇನೂ ಒತ್ತಲಾರದು. ಆ ಕೊರತೆಯನ್ನು ನಡುವೆ ತುಂಬಬೇಕು. ಆಗ ಬೇಕಾಗುವ ಬಲ ಆ ಹುಡುಗನ ಮೈತೂಕವನ್ನೇ ಮೀರುತ್ತದೆ! ಪೂರಾ ಎದ್ದುನಿಂತು ತುಳಿದರೂ ಸಾಲದೆ ಹ್ಯಾಂಡಲ್ ಜಗ್ಗಿ ಜಗ್ಗಿ ಸೋತು ಇಳಿಯುವುದು ಅದಕ್ಕೇ. ಮಗು ಸೋಮಾರಿಯೂ ಅಲ್ಲ, ನಿಶ್ಶಕ್ತವೂ ಅಲ್ಲ. ಹಲ್ಲಿನ ಲೆಕ್ಕ ತಪ್ಪಿದೆ, ಅಷ್ಟೆ.

ಗೇರಿನ ಸೈಕಲ್ಲಿನಲ್ಲಿ ಮುಂದೆ 28 ಹಲ್ಲು, ಹಿಂದೆಯೂ 28 ಹಲ್ಲಿನ ಜೋಡಿ ಹಾಕಿಕೊಂಡರೆ ಒಂದು ಸುತ್ತಿಗೆ ಎರಡು ಮೀಟರಿಗಿಂತ ಸ್ವಲ್ಪ ಹೆಚ್ಚು ಮುಂದೆ; ಅದೇ ಏರಿನಲ್ಲಿ ಎತ್ತಬೇಕಾದ್ದು 13 ಸೆಂಟಿಮೀಟರ್ ಮಾತ್ರ, ಒತ್ತಡ 8-9 ಕಿಲೋ. ಹೆಚ್ಚು ಸಲ ತುಳಿಯಬೇಕು, ನಿಜ. ಆದರೆ ಉಪ್ಪರಿಗೆಯ ಮೆಟ್ಟಿಲನ್ನು ಒಂದೊಂದಾಗಿ ಹತ್ತುವುದಕ್ಕೂ ಮೂರು ಮೂರು ಹಾರಿ ಹತ್ತುವುದಕ್ಕೂ ಇರುವ ವ್ಯತ್ಯಾಸ ಯಾರಿಗೆ ಗೊತ್ತಿಲ್ಲ?

ಗೇರು ಮುದುಕರಿಗೆ!

ಇಷ್ಟು ಸರಳ ಸಂಗತಿಯನ್ನು ಒಪ್ಪಲು ಸೈಕಲ್ ಪಂದ್ಯಗಳ ತವರಾದ ಫ್ರಾನ್ಸಿನ ದೊಡ್ಡವರೇ ಸತಾಯಿಸಿದ್ದರು. 1902ರಲ್ಲಿ ಅಲ್ಲಿನ ಟೂರಿಂಗ್ ಕ್ಲಬ್ ಒಂದು ಬೆಟ್ಟದ ಸ್ಪರ್ಧೆ ಏರ್ಪಡಿಸಿತು. ಎಡ್ವರ್ಡ್ ಫಿಷರ್ ಎಂಬ ಹೆಸರಾಂತ ಸವಾರನಿಗೆ ಗೇರಿಲ್ಲದ ಸೈಕಲ್. ಮಾರ್ಥ್ ಹೆಸ್ ಎಂಬ ಮಹಿಳೆಗೆ ಮೂರು ಗೇರಿನ ಸೈಕಲ್. ಗೆದ್ದವಳು ಮಾರ್ಥ್. ಮರು ವರ್ಷ ‘ಟೂರ್ ಡಿ ಫ್ರಾನ್ಸ್’ ಆರಂಭಿಸಲಿದ್ದ ಪತ್ರಿಕಾ ಸಂಪಾದಕ ಆಂರಿ ದೆಗ್ರಾಂಜ್‌ಗೆ ಇದು ಹಿಡಿಸಲಿಲ್ಲ. ಗೇರು ನಲವತ್ತೈದು ದಾಟಿದವರಿಗೆ ಸರಿ, ಗಂಡಸಾದವನು ಸ್ನಾಯುಬಲದಿಂದ ಗೆಲ್ಲಬೇಕು ಎಂಬರ್ಥದಲ್ಲಿ ಬರೆದ. ಬರೆದು ಸುಮ್ಮನಾಗಲಿಲ್ಲ, ತನ್ನ ಪಂದ್ಯದಲ್ಲಿ ಹಾಗೆಯೇ ನಡೆದುಕೊಂಡ.

1910ರಲ್ಲಿ ಟೂರ್ ಮೊದಲ ಬಾರಿಗೆ ಪಿರನೀಸ್ ಪರ್ವತದ ದೊಡ್ಡ ಏರುಗಳನ್ನು ಹತ್ತಿತು. ಒಂದೇ ದಿನ 326 ಕಿಲೋಮೀಟರ್, ನಡುವೆ 2,115 ಮೀಟರ್ ಎತ್ತರದ ತೂರ್‌ಮಲೆ. ಕಲ್ಲುಮಣ್ಣಿನ ದಾರಿ. ಮುಂದಿದ್ದ ಒಕ್ತಾವ್ ಲಪೀಜ್ ಒಂದು ಹಂತದಲ್ಲಿ ಸೈಕಲ್ ತಳ್ಳುತ್ತಲೇ ಸಂಘಟಕರನ್ನು ಕಂಡು ‘ಕೊಲೆಗಡುಕರು’ ಎಂದು ಕೂಗಿದ ಕಥೆ ಇಂದಿಗೂ ಪ್ರಸಿದ್ಧ. ಆ ವರ್ಷದ ಟೂರ್ ಗೆದ್ದವನೂ ಅವನೇ. ಅಂದರೆ ಜಗತ್ತಿನ ಅತಿ ದೊಡ್ಡ ಸೈಕಲ್ ಪಂದ್ಯದ ವಿಜೇತನೂ ಏರಿನಲ್ಲಿ ಇಳಿದು ತಳ್ಳಿದವನೇ. ನಮ್ಮ ಹೈಸ್ಕೂಲು ಮಕ್ಕಳು ಸಂಕೋಚಪಡಬೇಕಾದ್ದಿಲ್ಲ. ಆ ಕಾಲದ ಸವಾರರ ಹಿಂದಿನ ಚಕ್ರಕ್ಕೆ ಎಡಕ್ಕೊಂದು, ಬಲಕ್ಕೊಂದು ಹಲ್ಲುಚಕ್ರ ಇರುತ್ತಿತ್ತು. ಬೆಟ್ಟದ ಬುಡದಲ್ಲಿ ಇಳಿದು, ಚಕ್ರ ಬಿಚ್ಚಿ, ತಿರುಗಿಸಿ ಹಾಕಿಕೊಂಡು ಹತ್ತಬೇಕಿತ್ತು. ಚೈನನ್ನು ಹಲ್ಲಿನಿಂದ ಹಲ್ಲಿಗೆ ದಾಟಿಸುವ ಇಂದಿನ ಮಾದರಿಯ ಗೇರಿಗೆ ಟೂರ್ ಬಾಗಿಲು ತೆರೆದದ್ದು 1937ರಲ್ಲಿ.

ಹತ್ತುವ ಬಗೆ

ಮೊದಲು ಸೀಟು. ಬಹುತೇಕ ಮಕ್ಕಳ ಸೀಟು ತೀರಾ ಕೆಳಗಿರುತ್ತದೆ. ನಿಂತಾಗ ಎರಡೂ ಪಾದ ನೆಲಕ್ಕೆ ಊರಲೆಂದು ಮನೆಯವರೇ ಇಳಿಸಿರುತ್ತಾರೆ. ಕಲಿಯುವಾಗ ಅದು ಸರಿ. ಏರಿನಲ್ಲಿ ಮಾತ್ರ ಮಂಡಿ ಸದಾ ಮಡಚಿಕೊಂಡೇ ತುಳಿಯಬೇಕಾಗಿ ನೋವು ಬರುತ್ತದೆ. ಸೀಟಿನ ಮೇಲೆ ಕುಳಿತು ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟಾಗ, ಪೆಡಲು ತೀರಾ ಕೆಳಗಿರುವ ಸ್ಥಿತಿಯಲ್ಲಿ ಕಾಲು ನೇರವಾಗಬೇಕು. ಸವಾರಿಯಲ್ಲಿ ಪಾದದ ಮುಂಭಾಗದಿಂದ ತುಳಿದಾಗ ಮಂಡಿ ಸ್ವಲ್ಪವೇ ಬಾಗಿರುತ್ತದೆ. ಟೈರಿಗೆ ಗಾಳಿ ಗಟ್ಟಿಯಾಗಿರಲಿ, ಚೈನಿಗೆ ಎಣ್ಣೆ ಇರಲಿ.

ಬೆಟ್ಟದಲ್ಲಿ ಸೋಲುವವರಲ್ಲಿ ಹೆಚ್ಚಿನವರು ಸೋಲುವುದು ಮೊದಲ ಕಿಲೋಮೀಟರಿನಲ್ಲಿ. ಬುಡದಲ್ಲಿ ಹುರುಪು, ಪಕ್ಕದಲ್ಲಿ ಗೆಳೆಯ. ಇಬ್ಬರೂ ಪೈಪೋಟಿಗೆ ಬಿದ್ದು ತುಳಿಯುತ್ತಾರೆ. ಮೂರನೇ ತಿರುವಿನಲ್ಲಿ ಉಸಿರು ಕಿತ್ತುಬರುತ್ತದೆ. ಅನುಭವಿಗಳು ಹೇಳುವ ಅಳತೆ ಸುಲಭ: ಹತ್ತುತ್ತಾ ಒಂದು ಪೂರ್ತಿ ವಾಕ್ಯ ಮಾತಾಡಲು ಆಗಬೇಕು. ಎರಡು ಪದಕ್ಕೇ ಮಾತು ತುಂಡಾದರೆ ವೇಗ ಇಳಿಸಬೇಕು. ಗೇರನ್ನು ಏರು ಬರುವ ಮೊದಲೇ ಬದಲಿಸಬೇಕು. ಪೂರಾ ಒತ್ತಡ ಬಿದ್ದಾಗ ಬದಲಿಸಹೋದರೆ ಚೈನು ಕಳಚುತ್ತದೆ. ಆದಷ್ಟೂ ಕುಳಿತೇ ತುಳಿಯಬೇಕು. ಎದ್ದುನಿಂತರೆ ಬಲ ಹೆಚ್ಚು, ದಣಿವೂ ಹೆಚ್ಚು. ತೀರಾ ಕಡಿದಾದ ಹತ್ತಿಪ್ಪತ್ತು ಮೀಟರಿಗೆ, ಇಲ್ಲವೇ ಸೊಂಟ ಸಡಿಲಿಸಲು ಅದನ್ನು ಉಳಿಸಿಕೊಳ್ಳುವುದು ಜಾಣತನ. ಹಾವಿನಂತೆ ಅಡ್ಡಡ್ಡ ಓಡಿಸಿದರೆ ಏರು ಕಡಿಮೆಯಾಗುತ್ತದೆ ಎಂಬುದು ಲೆಕ್ಕದಲ್ಲಿ ನಿಜ. ಮೇಲಿಂದ ಕಾರು, ಬಸ್ಸು ಇಳಿಯುವ ರಸ್ತೆಯಲ್ಲಿ ಅದು ಶುದ್ಧ ಹುಚ್ಚು. ಅದಕ್ಕಿಂತ ಇಳಿದು ತಳ್ಳುವುದು ಮೇಲು.

ಇಷ್ಟು ಏರಿಗೆ ದೇಹ ಸುಮಾರು 350ರಿಂದ 400 ಕ್ಯಾಲೊರಿ ಸುಡುತ್ತದೆ. ತೆಂಗಿನ ನಾಡಿನವರಿಗೆ ಕೊಬ್ಬರಿ-ಬೆಲ್ಲ ನೆನಪಾಗುವುದು ಸಹಜ. ಅದರಲ್ಲಿ ತಕ್ಷಣಕ್ಕೆ ಒದಗುವುದು ಬೆಲ್ಲ. ಕೊಬ್ಬರಿಯ ಜಿಡ್ಡು ಅರಗಲು ಹೊತ್ತು ಬೇಕು, ಅದನ್ನು ಇಳಿದ ಮೇಲೆ ತಿನ್ನಬಹುದು. ಹತ್ತುವ ಮುಂಚೆ ಬಾಳೆಹಣ್ಣು, ದಾರಿಯಲ್ಲಿ ಗುಟುಕು ಗುಟುಕಾಗಿ ನೀರು.

ಅಜ್ಜಿಯ ಪ್ರಶ್ನೆಗೆ ಬರೋಣ. ಆರೋಗ್ಯವಾಗಿರುವ ಮಗುವಿನ ಎದೆ ಏರಿನಲ್ಲಿ ಜೋರಾಗಿ ಬಡಿದುಕೊಳ್ಳುವುದು ರೋಗವಲ್ಲ. ಇಳಿದು ನಿಂತ ಕೆಲವೇ ನಿಮಿಷದಲ್ಲಿ ತಹಬಂದಿಗೆ ಬರಬೇಕು. ಎದೆನೋವು, ತಲೆಸುತ್ತು, ಕಣ್ಣು ಕತ್ತಲೆ ಬಂದರೆ ಅಲ್ಲಿಗೇ ನಿಲ್ಲಿಸಬೇಕು. ಉಬ್ಬಸ ಅಥವಾ ಹೃದಯದ ತೊಂದರೆ ಇರುವವರು ಮೊದಲು ವೈದ್ಯರನ್ನು ಕೇಳಬೇಕು. ಅಪ್ಪನ ಪ್ರಶ್ನೆಗೂ ಉತ್ತರವಿದೆ. ಟೈಮ್ ಟ್ರಯಲ್‌ನಲ್ಲಿ 2014ರ ರಾಷ್ಟ್ರೀಯ ಚಾಂಪಿಯನ್ ಆದ ಬೆಂಗಳೂರಿನ ನವೀನ್ ಜಾನ್ ಸೈಕಲ್ ಪಂದ್ಯಕ್ಕೆ ಇಳಿದದ್ದು ಅಮೆರಿಕದಲ್ಲಿ ಎಂಜಿನಿಯರಿಂಗ್ ಓದುವಾಗ. ಹೈಸ್ಕೂಲಿನಲ್ಲೇ ಪುಸ್ತಕ ಮುಚ್ಚಿಡಬೇಕೆಂಬ ಆತುರವೇನಿಲ್ಲ. ವಾರಕ್ಕೆ ಎರಡು ದಿನ ಊರ ದಿಣ್ಣೆ ಹತ್ತಿಳಿದರೆ ಅಭ್ಯಾಸಕ್ಕೆ ಸಾಕು.

ಹೆದರಬೇಕಾದ್ದು ಇಳಿಯುವಾಗ

ಮನೆಯವರು ಹೆದರುವುದು ಏರಿಗೆ. ಪ್ರಾಣಾಪಾಯ ಇರುವುದು ಇಳಿಜಾರಿನಲ್ಲಿ. ಹತ್ತುವಾಗ ಗಳಿಸಿದ ಆ 3 ಲಕ್ಷ ಜೂಲ್ ಎಲ್ಲೂ ಹೋಗಿರುವುದಿಲ್ಲ. ಒಂದು ಲೀಟರ್ ನೀರು ಕುದಿಬರಿಸಲು ಸಾಕಾಗುವ ಶಕ್ತಿ ಅದು. ಗಾಳಿ ಒಂದು ಪಾಲನ್ನು ತಿನ್ನುತ್ತದೆ, ಮಿಕ್ಕಿದ್ದನ್ನೆಲ್ಲ ಬೆರಳುದ್ದದ ಬ್ರೇಕ್ ರಬ್ಬರುಗಳೇ ನುಂಗಬೇಕು. ಉದ್ದಕ್ಕೂ ಬ್ರೇಕ್ ಅದುಮಿ ಹಿಡಿದರೆ ರಿಮ್ಮು ಮುಟ್ಟಲಾಗದಷ್ಟು ಕಾಯುತ್ತದೆ. ಆದ್ದರಿಂದ ತಿರುವಿಗೆ ಮುಂಚೆ, ಸೈಕಲ್ ನೆಟ್ಟಗಿರುವಾಗಲೇ, ಎರಡೂ ಬ್ರೇಕ್ ಹಿಡಿದು ವೇಗ ಇಳಿಸಬೇಕು, ಆಮೇಲೆ ಬಿಡಬೇಕು. ತಿರುವಿನಲ್ಲಿ ಹೊರಗಾಲು ಕೆಳಗಿರಬೇಕು, ಕಣ್ಣು ತಿರುವಿನಾಚೆ ಇರಬೇಕು. ರಾಡ್ ಬ್ರೇಕಿನ ಕಬ್ಬಿಣದ ರಿಮ್ಮು ಮಳೆಯಲ್ಲಿ ಒದ್ದೆಯಾದರೆ ಹಿಡಿತ ಬಹುಪಾಲು ಹೋಗುತ್ತದೆ. ಅಂಥ ಸೈಕಲ್ಲನ್ನು ಮಳೆಗಾಲದಲ್ಲಿ ಬೆಟ್ಟದಿಂದ ಓಡಿಸಿ ಇಳಿಸಲೇಬಾರದು, ನಡೆಸಿಕೊಂಡು ಬರಬೇಕು. ಹೆಲ್ಮೆಟ್ ಇಲ್ಲದೆ ಯಾವ ಕಾಲದಲ್ಲೂ ಇಳಿಯಬಾರದು. ಡಬ್ಬಲ್ ರೈಡ್ ಮಾತೇ ಬೇಡ.

ರಸ್ತೆಯ ಸ್ಥಿತಿಯನ್ನೂ ವಿಚಾರಿಸಿ ಹೊರಡಬೇಕು. 2021ರ ಆಗಸ್ಟ್‌ನಲ್ಲಿ ಮಳೆಗೆ ಗುಡ್ಡ ಕುಸಿದು ನಂದಿಬೆಟ್ಟದ ರಸ್ತೆಯೇ ಕೊಚ್ಚಿಹೋಗಿ, ಡಿಸೆಂಬರ್‌ವರೆಗೆ ಪ್ರವಾಸಿಗರಿಗೆ ಬಾಗಿಲು ಮುಚ್ಚಿತ್ತು.

ಗೇರಿನ ಸೈಕಲ್ ಕೊಳ್ಳುವಷ್ಟು ದುಡ್ಡಿಲ್ಲದ ಮನೆಗೆ ಒಂದು ಅಗ್ಗದ ಉಪಾಯ ಇದೆ. ಸೈಕಲ್ ಶಾಪಿನಲ್ಲಿ 18 ಹಲ್ಲಿನ ಫ್ರೀವೀಲ್ ಬಿಚ್ಚಿಸಿ 22 ಹಲ್ಲಿನದನ್ನು ಹಾಕಿಸುವುದು, ಚೈನಿಗೆ ಒಂದೆರಡು ಕೊಂಡಿ ಸೇರಿಸುವುದು. ಪೆಡಲಿನ ಮೇಲಿನ ಒತ್ತಡ ಶೇಕಡಾ 18ರಷ್ಟು ಇಳಿಯುತ್ತದೆ. ಬಯಲಿನಲ್ಲಿ ಅಷ್ಟೇ ಪ್ರಮಾಣದ ವೇಗ ಕಳೆದುಕೊಳ್ಳಬೇಕು. ನಂದಿಯ ಕೊನೆಯ ತಿರುವುಗಳಿಗೆ ಇದು ಸಾಲದು. ಹೊನ್ನವಳ್ಳಿಯಿಂದ ಹೊರಟ ಹುಡುಗಿ ದಾರಿಯ ದಿಣ್ಣೆಯಲ್ಲಿ ಇಳಿಯದೆ ಶಾಲೆ ತಲುಪಲು ಸಾಕು.