ತಾಮ್ರದ ತಗಡಿನ ಮೇಲಣ ನಗೆ

ನಗೆಯನ್ನು ನಮ್ಮ ಪೂರ್ವಿಕರು ಲಘುವಾದ ವಸ್ತುವೆಂದು ಎಣಿಸಲಿಲ್ಲ. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಹಾಸ್ಯವನ್ನು ಇತರ ರಸಗಳ ಪಂಕ್ತಿಯಲ್ಲಿಯೇ ಕುಳ್ಳಿರಿಸಿ, ವಿಕೃತವಾದ ವೇಷಾಲಂಕಾರಗಳೂ ಚೇಷ್ಟೆಗಳೂ ಅದಕ್ಕೆ ಕಾರಣಗಳೆಂದು ನಿರೂಪಿಸಿದ್ದಾನೆ. ಸ್ಮಿತದಿಂದ ಮೊದಲುಗೊಂಡು ಅತಿಹಸಿತದವರೆಗೆ ನಗೆಯಲ್ಲಿ ಆರು ಭೇದಗಳನ್ನೂ ಎಣಿಸಿದ್ದಾನೆ. ಸಂಸ್ಕೃತ ನಾಟಕಗಳಲ್ಲಿ ಅರಸನ ಮಗ್ಗುಲಲ್ಲಿ ನಿಂತು ನಗಿಸುವುದಕ್ಕೆ ವಿದೂಷಕನಿರುತ್ತಾನೆ. ಆದರೆ ಅವನು ಅರಸನ ಅನ್ನವನ್ನುಂಡು, ಅರಸನ ಪ್ರಣಯದ ತೊಡಕುಗಳನ್ನು ಕುರಿತು ವಿನೋದವಾಡುವವನೇ ಹೊರತು, ರಾಜ್ಯಭಾರದ ಲೋಪಗಳನ್ನು ಬೀದಿಯಲ್ಲಿ ನಿಂತು ಸಾರುವವನಲ್ಲ. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಲಂಡನ್ ನಗರದ ಕೆಲವು ಚಿತ್ರದಂಗಡಿಗಳು ಈ ಎರಡನೆಯ ಕೆಲಸವನ್ನು ವ್ಯಾಪಾರವನ್ನಾಗಿಯೇ ಮಾಡಿಕೊಂಡಿದ್ದುವು. ದೊರೆ, ಯುವರಾಜ, ಮಂತ್ರಿ, ಸೇನಾಪತಿ ಇವರಲ್ಲಿ ಯಾರನ್ನೂ ಬಿಡದೆ, ಕಿಟಕಿಯ ಗಾಜಿನ ಹಿಂದೆ ತೂಗಹಾಕಿ ಜನರನ್ನು ನಗಿಸುತ್ತಿದ್ದುವು. ನಮ್ಮ ಶ್ರೀರಂಗಪಟ್ಟಣದ ಕೋಟೆಯೂ ಒಮ್ಮೆ ಆ ಗಾಜಿನ ಹಿಂದೆ ಕಾಣಿಸಿಕೊಂಡಿತೆಂಬುದನ್ನು ಬಲ್ಲವರು ವಿರಳ. ಆದಕಾರಣ ಆ ಚಿತ್ರಗಳ ವೃತ್ತಾಂತವನ್ನು ವಾಚಕರ ಮುಂದಿಡಲು ಮನಸ್ಸಾಯಿತು.

ಇಂತಹ ಚಿತ್ರಕ್ಕೆ ಯೂರೋಪಿನವರು ಇಟ್ಟ ‘ಕ್ಯಾರಿಕೇಚರ್’ ಎಂಬ ಹೆಸರು ಇಟಲಿಯ ಭಾಷೆಯ ಒಂದು ಧಾತುವಿನಿಂದ ಬಂದುದು. ಆ ಧಾತುವಿಗೆ ‘ಭಾರವನ್ನು ಹೇರು’ ಎಂದರ್ಥ. ಮನುಷ್ಯನ ಮುಖದಲ್ಲಿ ಯಾವ ಅಂಗವು ಸ್ವಲ್ಪ ಹೆಚ್ಚಾಗಿದೆಯೋ ಅದರ ಮೇಲೆ ಇನ್ನಷ್ಟು ಭಾರವನ್ನು ಹೇರುವುದೇ ಇದರ ತಂತ್ರ. ಸ್ಥೂಲಕಾಯನಾದ ಚಾರ್ಲ್ಸ್ ಜೇಮ್ಸ್ ಫಾಕ್ಸನು ಈ ಚಿತ್ರಗಳಲ್ಲಿ ದಟ್ಟವಾದ ಕರಿಹುಬ್ಬುಗಳ ಪೀಪಾಯಿಯಾದನು. ಕೃಶಾಂಗನಾದ ಪ್ರಧಾನಮಂತ್ರಿ ವಿಲಿಯಂ ಪಿಟ್ಟನು ಮೂಗುಳ್ಳ ಕಡ್ಡಿಯಾದನು. ಪಾರ್ಲಿಮೆಂಟಿನ ಬಾಗಿಲನ್ನೇ ಕಾಣದ ಜನರು ಇವರಿಬ್ಬರನ್ನೂ ನೂರು ಮಾರು ದೂರದಿಂದ ಗುರುತಿಸಬಲ್ಲವರಾದುದು ಈ ಅತಿಶಯೋಕ್ತಿಯ ಪ್ರಭಾವದಿಂದಲೇ.

ಚಿತ್ರವನ್ನು ಸಿದ್ಧಪಡಿಸುವ ಕ್ರಮವೂ ತಿಳಿಯತಕ್ಕದ್ದೇ. ನುಣುಪಾದ ತಾಮ್ರದ ತಗಡಿಗೆ ಮೇಣವೇ ಮೊದಲಾದುವುಗಳಿಂದ ಮಾಡಿದ ಲೇಪವನ್ನು ಬಳಿದು, ಅದರ ಮೇಲೆ ಸೂಜಿಯಿಂದ ಚಿತ್ರವನ್ನು ಗೀಚುತ್ತಿದ್ದರು. ತಗಡನ್ನು ನೈಟ್ರಿಕ್ ಆಮ್ಲದಲ್ಲಿ ಇರಿಸಿದರೆ ಲೇಪ ಹೋದ ಗೆರೆಗಳಲ್ಲಿ ಮಾತ್ರ ಆಮ್ಲವು ತಾಮ್ರವನ್ನು ತಿಂದು ಸಣ್ಣ ಸಣ್ಣ ಕಾಲುವೆಗಳನ್ನು ಮಾಡುವುದು. ಆ ಕಾಲುವೆಗಳಲ್ಲಿ ಶಾಯಿಯನ್ನು ತುಂಬಿ, ಮೇಲಿನದನ್ನು ಒರಸಿ, ಒದ್ದೆಯ ಕಾಗದವನ್ನಿಟ್ಟು ಉರುಳೆಗಳ ನಡುವೆ ಒತ್ತಿದರೆ ಚಿತ್ರವು ಮೂಡುವುದು. ಮುದ್ರಣದಲ್ಲಿ ಎಡಬಲಗಳು ತಿರುಗುವುದರಿಂದ ಅಕ್ಷರಗಳನ್ನೆಲ್ಲ ಕನ್ನಡಿಯಲ್ಲಿ ಕಂಡಂತೆ ಹಿಂದುಮುಂದಾಗಿ ಬರೆಯಬೇಕಾಗಿತ್ತು. ಬಳಿಕ ಒಂದೊಂದು ಪ್ರತಿಗೂ ಕೈಯಿಂದಲೇ ಬಣ್ಣ ಹಾಕುತ್ತಿದ್ದರು. ಬಣ್ಣ ಹಾಕಿದ ಪ್ರತಿಯ ಬೆಲೆ ಕೂಲಿಯವನ ಕೈಗೆ ಎಟುಕುವಂತಹದಲ್ಲ, ಕೊಳ್ಳುತ್ತಿದ್ದವರು ಅನುಕೂಲಸ್ಥರು. ಬಡವರಿಗೆ ಅಂಗಡಿಯ ಕಿಟಕಿಯೇ ಧರ್ಮಛತ್ರ. ಪಿಕಡಿಲಿಯ ಫೋರ್ಸ್ ಎಂಬ ವರ್ತಕನಂತೂ ಚಿತ್ರಗಳ ಕಟ್ಟನ್ನು ಒಂದು ಸಾಯಂಕಾಲದ ಮಟ್ಟಿಗೆ ಬಾಡಿಗೆಗೆ ಕೊಡುತ್ತಿದ್ದನು. ಮನೆಗೆ ಬಂದ ಅತಿಥಿಗಳು ಊಟವಾದ ಮೇಲೆ ಅದನ್ನು ತಿರುವಿಹಾಕಿ ನಗುತ್ತಿದ್ದರು.

ಈ ಕಲೆಯಲ್ಲಿ ಅಗ್ರಗಣ್ಯನಾದವನು ಜೇಮ್ಸ್ ಗಿಲ್‌ರೇ. ಇವನು 1756ರಲ್ಲಿ ಲಂಡನ್ನಿನ ಚೆಲ್ಸಿಯಲ್ಲಿ ಹುಟ್ಟಿದನು. ತಂದೆ ಯುದ್ಧದಲ್ಲಿ ಒಂದು ತೋಳನ್ನು ಕಳೆದುಕೊಂಡು ಚೆಲ್ಸಿಯ ಸೈನಿಕರ ಆಸ್ಪತ್ರೆಯ ಆಶ್ರಯದಲ್ಲಿದ್ದವನು. ಬಾಲಕನು ಮೊದಲು ಅಕ್ಷರಗಳನ್ನು ಕೊರೆಯುವ ಕುಶಲಿಗನ ಬಳಿ ಕೆಲಸ ಕಲಿತು, ನಡುವೆ ಊರೂರು ಅಲೆಯುವ ನಾಟಕದವರೊಡನೆ ಸೇರಿ, ಕೊನೆಗೆ 1778ರಲ್ಲಿ ರಾಯಲ್ ಅಕಾಡೆಮಿಯ ಶಾಲೆಯನ್ನು ಪ್ರವೇಶಿಸಿದನು. ಹನ್ನಾ ಹಂಫ್ರೀ ಎಂಬ ಮಹಿಳೆಯು ಚಿತ್ರದಂಗಡಿಯನ್ನು ನಡೆಸುತ್ತಿದ್ದಳು. 1791ರ ಸುಮಾರಿನಿಂದ ಗಿಲ್‌ರೇಯು ಬಹುಮಟ್ಟಿಗೆ ಅವಳೊಬ್ಬಳಿಗಾಗಿಯೇ ಚಿತ್ರಗಳನ್ನು ರಚಿಸುತ್ತ, ಅವಳ ಅಂಗಡಿಯ ಮೇಲ್ಮಹಡಿಯಲ್ಲಿಯೇ ವಾಸಿಸುತ್ತಿದ್ದನು.

ಅವನ ಧೈರ್ಯಕ್ಕೆ 1792ರ ಜುಲೈ ತಿಂಗಳಿನ ಎರಡು ಚಿತ್ರಗಳು ಸಾಕ್ಷಿ. ಒಂದರಲ್ಲಿ ಯುವರಾಜನು ಭೂರಿಭೋಜನ ಮಾಡಿ, ಅಂಗಿಯ ಗುಂಡಿಗಳು ಹರಿಯುವಂತೆ ಕುರ್ಚಿಯಲ್ಲಿ ಒರಗಿ, ಮುಳ್ಳುಚಮಚದಿಂದ ಹಲ್ಲನ್ನು ಕೆದಕಿಕೊಳ್ಳುತ್ತಿದ್ದಾನೆ. ತೀರಿಸದ ಸಾಲದ ಲೆಕ್ಕಗಳು ಸುತ್ತಲೂ ಬಿದ್ದಿವೆ. ಇನ್ನೊಂದರಲ್ಲಿ ಅವನ ತಂದೆ ಮೂರನೆಯ ಜಾರ್ಜ್ ದೊರೆಯು, ತೇಪೆ ಹಾಕಿದ ಷರಾಯಿಯನ್ನು ತೊಟ್ಟು ಒಂದು ಬೇಯಿಸಿದ ಮೊಟ್ಟೆಯಲ್ಲಿ ಊಟ ಮುಗಿಸುತ್ತಿದ್ದಾನೆ, ರಾಣಿಯು ಸೊಪ್ಪು ತಿನ್ನುತ್ತಿದ್ದಾಳೆ, ಒಲೆಯಲ್ಲಿ ಬೆಂಕಿಯಿಲ್ಲ. ಈ ಎರಡನೆಯ ಚಿತ್ರಕ್ಕೆ ಇಟ್ಟ ಹೆಸರು ‘ಮಿತವ್ಯಯದ ಊಟವನ್ನು ಸವಿಯುತ್ತಿರುವ ಸಂಯಮ’ ಎಂಬರ್ಥದ್ದು. ಅಲಂಕಾರಶಾಸ್ತ್ರವನ್ನು ಅನೇಕ ವರ್ಷಗಳು ಮಕ್ಕಳಿಗೆ ಪಾಠ ಹೇಳಿದ ನನಗೆ, ವ್ಯಾಜಸ್ತುತಿಗೆ ಇದಕ್ಕಿಂತ ಸುಲಭವಾದ ಉದಾಹರಣೆ ದೊರೆತಿಲ್ಲ. ಮಾತು ಹೊಗಳಿಕೆಯದು, ತಾತ್ಪರ್ಯವೋ ಜಿಪುಣತನದ ನಿಂದೆ.

ಇಷ್ಟಾದರೂ ಚಿತ್ರಕಾರರನ್ನು ನ್ಯಾಯಸ್ಥಾನಕ್ಕೆ ಎಳೆದ ಪ್ರಸಂಗಗಳು ಹೆಚ್ಚಲ್ಲ. ಕಾರಣವನ್ನು ಊಹಿಸುವುದು ಉಪಾಧ್ಯಾಯರಿಗೆ ಕಷ್ಟವಲ್ಲ. ಕಪ್ಪುಹಲಗೆಯ ಮೇಲೆ ಉದ್ದ ಮೂಗಿನ ಮುಖವನ್ನು ಬರೆದ ಹುಡುಗನನ್ನು ಶಿಕ್ಷಿಸಬೇಕಾದರೆ, ಆ ಮೂಗು ತನ್ನದೇ ಎಂದು ಗುರುವು ಮೊದಲು ಒಪ್ಪಿಕೊಳ್ಳಬೇಕಾಗುತ್ತದೆ.

ಈ ನಗೆಗೆ ರಾಜಕಾರ್ಯದಲ್ಲಿ ಬಲವೂ ಇತ್ತು. 1783ರಲ್ಲಿ ಫಾಕ್ಸನು ಈಸ್ಟ್ ಇಂಡಿಯಾ ಕಂಪೆನಿಯ ಆಡಳಿತವನ್ನು ಪಾರ್ಲಿಮೆಂಟು ನೇಮಿಸುವ ಅಧಿಕಾರಿಗಳ ವಶಕ್ಕೆ ತರುವ ಮಸೂದೆಯನ್ನು ತಂದನು. ಆಗ ಜೇಮ್ಸ್ ಸೇಯರ್ಸ್ ಎಂಬ ಚಿತ್ರಕಾರನು, ಫಾಕ್ಸನಿಗೆ ಮೊಗಲ್ ಬಾದಷಹನ ಉಡುಪನ್ನು ತೊಡಿಸಿ, ‘ಕಾರ್ಲೋ ಖಾನ್’ ಎಂದು ಹೆಸರಿಟ್ಟು, ಆನೆಯ ಮೇಲೆ ಕುಳ್ಳಿರಿಸಿ, ಕಂಪೆನಿಯ ಕಚೇರಿಯಿದ್ದ ಬೀದಿಯಲ್ಲಿ ಮೆರವಣಿಗೆ ಮಾಡಿಸಿದನು. ಆನೆಯ ಮುಖವು ಫಾಕ್ಸನ ಜೊತೆಗಾರನಾದ ಲಾರ್ಡ್ ನಾರ್ತನದು. ಮುಂದೆ ಕಹಳೆಯೂದುವವನು ಎಡ್ಮಂಡ್ ಬರ್ಕ್. ಮಸೂದೆಯು ಪ್ರಭುಸಭೆಯಲ್ಲಿ ಬಿದ್ದು ಮಂತ್ರಿಮಂಡಲವೇ ಹೋಯಿತು. ಅದಕ್ಕೆ ಮುಖ್ಯಕಾರಣ ದೊರೆಯ ವಿರೋಧವಾದರೂ, ಪಾರ್ಲಿಮೆಂಟಿನ ಚರ್ಚೆಗಳಿಗಿಂತ ಸೇಯರ್ಸನ ಚಿತ್ರಗಳೇ ತನಗೆ ಹೆಚ್ಚು ಕೇಡು ಮಾಡಿದುವೆಂದು ಫಾಕ್ಸನು ಹೇಳಿಕೊಂಡನೆಂದು ಪ್ರತೀತಿಯಿದೆ. ಫಾಕ್ಸನ ತರುವಾಯ ಅಧಿಕಾರಕ್ಕೆ ಬಂದ ಪಿಟ್ಟನು ಸೇಯರ್ಸನಿಗೆ ಸರ್ಕಾರದ ಒಂದು ಹುದ್ದೆಯನ್ನು ಕೊಟ್ಟನೆಂಬುದನ್ನು ಇಲ್ಲಿಯೇ ಜ್ಞಾಪಕದಲ್ಲಿಡುವುದು ಒಳ್ಳೆಯದು.

ಭಾರತದ ವಿಷಯವು ಹೀಗೆ ಅಂಗಡಿಯ ಕಿಟಕಿಗೆ ಬಂದ ಮೇಲೆ ಮತ್ತೆ ಮತ್ತೆ ಬರತೊಡಗಿತು. ಬಂಗಾಳದ ಗವರ್ನರ್ ಜನರಲ್ ಆಗಿದ್ದ ವಾರನ್ ಹೇಸ್ಟಿಂಗ್ಸನ ಮೇಲೆ ಬರ್ಕನು ದೋಷಾರೋಪಣೆ ಮಾಡಿದಾಗ, 1786ರಲ್ಲಿ ಗಿಲ್‌ರೇಯು ಹೇಸ್ಟಿಂಗ್ಸನನ್ನು ‘ಇಂಡಿಯಾದ ರಕ್ಷಕ’ನೆಂದು ಕರೆದು, ಒಂಟೆಯ ಮೇಲೇರಿ ಹೋಗುತ್ತಿರುವ ಅವನನ್ನು ಬರ್ಕ್, ಫಾಕ್ಸ್, ನಾರ್ತ್ ಎಂಬ ದರೋಡೆಗಾರರು ಅಡ್ಡಗಟ್ಟಿದಂತೆ ಚಿತ್ರಿಸಿದನು. ಎರಡೇ ವರ್ಷಗಳಲ್ಲಿ, 1788ರ ಮಾರ್ಚಿಯಲ್ಲಿ, ಅದೇ ಕೈ ಮತ್ತೊಂದು ಚಿತ್ರವನ್ನು ಕೊರೆಯಿತು. ಅದರಲ್ಲಿ ರಕ್ತದ ಸಮುದ್ರ. ಅದರೊಳಗೆ ಭಾರತೀಯರ ಹೆಣಗಳು ತೇಲುತ್ತಿವೆ. ಲಾರ್ಡ್ ಛಾನ್ಸಲರ್ ಥರ್ಲೋ ಎಂಬವನು ಹಣದ ಚೀಲಗಳೊಡನೆ ಹೇಸ್ಟಿಂಗ್ಸನನ್ನು ಹೆಗಲ ಮೇಲೆ ಹೊತ್ತು, ಅವನ ಕಾಲಿಗೆ ಅದು ಸೋಂಕದಂತೆ ದಾಟಿಸುತ್ತಿದ್ದಾನೆ. 1795ರಲ್ಲಿ ಹೇಸ್ಟಿಂಗ್ಸನು ನಿರ್ದೋಷಿಯೆಂದು ಬಿಡುಗಡೆ ಹೊಂದಿದನು. ಅವನು ರಕ್ಷಕನೋ ಭಕ್ಷಕನೋ ಎಂಬುದನ್ನು ಗಿಲ್‌ರೇಯ ಚಿತ್ರಗಳಿಂದ ನಿರ್ಣಯಿಸಲು ಹೊರಟವನು ಯಾವುದನ್ನು ನಂಬಬೇಕು?

ಇನ್ನು ನಮ್ಮ ನಾಡಿನ ಮಾತು. 1791ರ ಮಾರ್ಚಿಯಲ್ಲಿ ಲಾರ್ಡ್ ಕಾರ್ನ್‌ವಾಲಿಸನು ಬೆಂಗಳೂರಿನ ಕೋಟೆಯನ್ನು ಹಿಡಿದು, ಮೇ ತಿಂಗಳಿನಲ್ಲಿ ಶ್ರೀರಂಗಪಟ್ಟಣದ ಸಮೀಪಕ್ಕೆ ಬಂದನು. ಅರಕೆರೆಯ ಬಳಿ ಯುದ್ಧವೂ ಆಯಿತು. ಆದರೆ ಟೀಪೂ ಸುಲ್ತಾನನು ಮುಂಚಿತವಾಗಿಯೇ ದಾರಿಯ ಮೇವು ಧಾನ್ಯಗಳನ್ನು ನಾಶಪಡಿಸಿದ್ದುದರಿಂದ ದಂಡಿಗೆ ಆಹಾರವಿಲ್ಲದಾಯಿತು, ಎತ್ತುಗಳು ಸತ್ತುವು, ಮಳೆಯು ಹಿಡಿಯಿತು. ಕಾರ್ನ್‌ವಾಲಿಸನು ಎಳೆಯಲಾರದ ದೊಡ್ಡ ಫಿರಂಗಿಗಳನ್ನು ತಾನೇ ಕೆಡಿಸಿ ಬೆಂಗಳೂರಿಗೆ ಹಿಂದಿರುಗಿದನು. ಹಡಗಿನ ಮೂಲಕ ಈ ಸುದ್ದಿ ಲಂಡನ್ನಿಗೆ ಮುಟ್ಟಲು ತಿಂಗಳುಗಳು ಹಿಡಿದುವು. ಡಿಸೆಂಬರ್ 6ನೆಯ ದಿನ ಹಂಫ್ರೀಯ ಅಂಗಡಿಯಲ್ಲಿ ‘ಮುಂಗಾರಿನ ಆಗಮನ ಅಥವಾ ಶ್ರೀರಂಗಪಟ್ಟಣದಿಂದ ಹಿಮ್ಮೆಟ್ಟಿದುದು’ ಎಂಬ ಗಿಲ್‌ರೇಯ ಚಿತ್ರವು ಪ್ರಕಟವಾಯಿತು. ಕೋಟೆಯ ಮೇಲೆ ಟೀಪೂ ನಿಂತಿದ್ದಾನೆ. ಕೆಳಗೆ ಕಾರ್ನ್‌ವಾಲಿಸನು ಭಯಗೊಂಡು ಓಡುತ್ತಿದ್ದಾನೆ. ಅವನ ಮೇಲೆ ಸುರಿಯುತ್ತಿರುವ ಮಳೆಯು ಮೇಘದಿಂದ ಬಂದುದಲ್ಲ, ಸುಲ್ತಾನನ ದೇಹದಿಂದಲೇ ಬಂದುದು ಎಂದಷ್ಟು ಹೇಳಿ, ಗೃಹಸ್ಥರ ಪತ್ರಿಕೆಯ ಮರ್ಯಾದೆಗಾಗಿ ವಿವರವನ್ನು ಇಲ್ಲಿಗೆ ನಿಲ್ಲಿಸುತ್ತೇನೆ.

ತನ್ನ ದೇಶದ ಸೇನಾಪತಿಯನ್ನು ಯುದ್ಧವು ನಡೆಯುತ್ತಿರುವಾಗಲೇ ಹೀಗೆ ಹಾಸ್ಯಮಾಡುವ ಸ್ವಾತಂತ್ರ್ಯವು ಆಶ್ಚರ್ಯಕರವೇ ಸರಿ. ಆದರೆ ಲಂಡನ್ನಿನ ಜನರು ನಗುತ್ತಿದ್ದ ಆ ಡಿಸೆಂಬರಿನಲ್ಲಿಯೇ ಕಾರ್ನ್‌ವಾಲಿಸನ ಸೈನ್ಯವು ಸಾವನದುರ್ಗವನ್ನು ಹಿಡಿದಿತ್ತು. ನಂದಿದುರ್ಗವು ಅಕ್ಟೋಬರಿನಲ್ಲಿಯೇ ಬಿದ್ದಿತ್ತು. 1792ರ ಫೆಬ್ರವರಿಯಲ್ಲಿ ಅವನು ಪುನಃ ಶ್ರೀರಂಗಪಟ್ಟಣಕ್ಕೆ ಬಂದನು. ಮಾರ್ಚಿಯ ಒಪ್ಪಂದದಂತೆ ಟೀಪೂ ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಗಳನ್ನೂ ಕೊಡಲು ಒಪ್ಪಿ, ಬಾಲಕರಾದ ಇಬ್ಬರು ಪುತ್ರರನ್ನು ಒತ್ತೆಯಾಗಿ ಕಳುಹಿಸಬೇಕಾಯಿತು. ಚಿತ್ರಕಾರನು ಸುಳ್ಳು ಹೇಳಲಿಲ್ಲ. ಆರು ತಿಂಗಳ ಹಿಂದಿನ ನಿಜವನ್ನು ಹೇಳಿದನು. ಅದಲ್ಲದೆ ಆ ಚಿತ್ರದ ವಿಷಯ ಇಬ್ಬರು ಅಧಿಪತಿಗಳ ಮಾನಾವಮಾನ. ಮೇವು ಸುಟ್ಟ ಹೊಲದ ಒಡೆಯನೂ, ಎರಡು ದಂಡುಗಳ ನಡುವೆ ಸಿಕ್ಕಿದ ಹಳ್ಳಿಯವನೂ ಅದರ ವಿಷಯವಲ್ಲ. ಲಂಡನ್ನಿನ ಕಿಟಕಿಯಿಂದ ಅವರು ಕಾಣುತ್ತಿರಲಿಲ್ಲ. ಹೇಸ್ಟಿಂಗ್ಸನ ಚಿತ್ರದಲ್ಲಿ ನಮ್ಮವರು ಕಂಡರು ನಿಜ. ಆದರೆ ಹೆಣಗಳಾದ ಮೇಲೆ, ಮತ್ತೊಬ್ಬನ ಅಪರಾಧದ ಗುರುತುಗಳಾಗಿ.

ದೂರದಲ್ಲಿದ್ದುದು ಕಾಣದಿರುವುದು ಕಣ್ಣಿನ ದೋಷ. ಹತ್ತಿರದ್ದನ್ನು ಕಂಡೂ ಕಾಣದಂತಿರುವುದಕ್ಕೆ ಬೇರೆ ಕಾರಣಗಳುಂಟು. 1797ರ ಮಾರ್ಚಿಯಲ್ಲಿ ಇಂಗ್ಲೆಂಡಿನ ಬ್ಯಾಂಕು ನೋಟಿಗೆ ಚಿನ್ನವನ್ನು ಕೊಡುವುದನ್ನು ನಿಲ್ಲಿಸಿದ ಕೆಲವೇ ದಿನಗಳಲ್ಲಿ, ಗಿಲ್‌ರೇಯು ಪಿಟ್ಟನ ಹೊಟ್ಟೆಯಲ್ಲಿ ಚಿನ್ನದ ನಾಣ್ಯಗಳನ್ನು ತುಂಬಿ, ಬಾಯಿಂದ ಬರಿಯ ಕಾಗದವನ್ನು ಕಕ್ಕಿಸಿದ್ದನು. ಅದೇ ವರ್ಷದ ಕೊನೆಯಲ್ಲಿ ಪಿಟ್ಟನ ಸರ್ಕಾರದಿಂದ ಗಿಲ್‌ರೇಗೆ ವರ್ಷಕ್ಕೆ 200 ಪೌಂಡುಗಳ ವೇತನವು ಗೊತ್ತಾಯಿತು. ಅದಕ್ಕೆ ಮಧ್ಯಸ್ಥನಾದವನು ತರುಣ ರಾಜಕಾರಣಿ ಜಾರ್ಜ್ ಕ್ಯಾನಿಂಗ್. ತನ್ನ ಮುಖವೂ ಗಿಲ್‌ರೇಯ ಚಿತ್ರದಲ್ಲಿ ಬರಲೆಂದು ಹಂಬಲಿಸಿದವನು ಅವನು. ಆ ಬಳಿಕ ಗಿಲ್‌ರೇಯ ಸೂಜಿಯು ಹೆಚ್ಚಾಗಿ ಸರ್ಕಾರದ ವಿರೋಧಿಗಳ ಕಡೆಗೇ ತಿರುಗಿತು. 1798ರಲ್ಲಿ ಸರ್ಕಾರದ ಪಕ್ಷದ ಪತ್ರಿಕೆಗಾಗಿಯೂ ಅವನು ಚಿತ್ರ ರಚಿಸಿದನು. ಫಾಕ್ಸನನ್ನು ಅವನು ವೇತನಕ್ಕೆ ಮೊದಲೂ ಬಿಟ್ಟವನಲ್ಲವೆಂಬುದನ್ನು ನ್ಯಾಯವಾಗಿ ಹೇಳಬೇಕು. ಆದರೂ 1801ರಲ್ಲಿ ಪಿಟ್ಟನು ಅಧಿಕಾರ ಬಿಡುವವರೆಗೆ ಆ ನಗೆಗೆ ಒಬ್ಬ ಯಜಮಾನನಿದ್ದನು. ರೇಖೆಯು ಮೊದಲಿನಷ್ಟೇ ಚೂಪಾಗಿತ್ತು. ಬಣ್ಣವು ಮೊದಲಿನಷ್ಟೇ ಚೆಲುವಾಗಿತ್ತು. ನೋಡಿದವನಿಗೆ ವ್ಯತ್ಯಾಸವು ತಿಳಿಯುವಂತಿರಲಿಲ್ಲ. ಅಪಾಯವಿರುವುದು ಇದರಲ್ಲಿಯೇ. ನಮ್ಮ ವಿದೂಷಕನು ಅರಸನ ಅನ್ನವನ್ನು ಎಲ್ಲರ ಕಣ್ಣೆದುರಿಗೆ ಉಣ್ಣುತ್ತಾನೆ; ಇವನು ಮರೆಯಲ್ಲಿ ಉಂಡನು.

ಗಿಲ್‌ರೇಯ ಅಂತ್ಯವು ಕರುಣಾಜನಕವಾದುದು. 1806ರ ಸುಮಾರಿಗೆ ಕಣ್ಣು ಮಂದವಾಗುತ್ತ ಬಂದಿತು. ಕೆಲವು ವರ್ಷಗಳಲ್ಲಿ ಬುದ್ಧಿಯೂ ಕೆಟ್ಟಿತು. ಹನ್ನಾ ಹಂಫ್ರೀಯು ಅವನನ್ನು ಕೈಬಿಡದೆ, ತನ್ನ ಅಂಗಡಿಯ ಮೇಲಿನ ಕೋಣೆಯಲ್ಲಿಯೇ ಇರಿಸಿಕೊಂಡು ಕಡೆಯವರೆಗೆ ಸಲಹಿದಳು. 1815ರ ಜೂನ್ 1ರಂದು ಅವನು ತೀರಿಕೊಂಡನು. ಈಗ ಅವನ ಚಿತ್ರಗಳು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಗೌರವದಿಂದ ಕಾಪಾಡಲ್ಪಟ್ಟಿವೆ. ಶ್ರೀರಂಗಪಟ್ಟಣದ ಮಳೆಯೂ ಅವುಗಳಲ್ಲೊಂದು.

ನಗೆಯ ಚಿತ್ರವು ಒಬ್ಬ ಸಾಕ್ಷಿ. ಸಾಕ್ಷಿಯು ಚೆನ್ನಾಗಿ ಮಾತನಾಡಿದ ಮಾತ್ರಕ್ಕೆ ನ್ಯಾಯಾಧಿಪತಿಯು ತೀರ್ಪು ಬರೆಯುವುದಿಲ್ಲ. ನೀನು ಎಲ್ಲಿ ನಿಂತಿದ್ದೆ, ನಿನಗೆ ಏನು ಕಾಣುತ್ತಿತ್ತು, ನಿನ್ನ ಊಟದ ಖರ್ಚು ಯಾರದು ಎಂದು ಕೇಳುತ್ತಾನೆ. ಹಾಗೆಂದು ಸಾಕ್ಷಿಯನ್ನೇ ಓಡಿಸಿಬಿಡುವ ನ್ಯಾಯಸ್ಥಾನವೂ ನ್ಯಾಯಸ್ಥಾನವಲ್ಲ. ದೊರೆಯ ತೇಪೆಯ ಷರಾಯಿಯನ್ನು ಬರೆಯಲು ಬಿಟ್ಟ ಊರು, ಬರೆಯಗೊಡದ ಊರಿಗಿಂತ ಮೇಲೆಂಬುದರಲ್ಲಿ ನನಗೆ ಸಂದೇಹವಿಲ್ಲ. ಪತ್ರಿಕೆಯಲ್ಲಿ ಇಂತಹ ಚಿತ್ರವು ಬಂದಾಗ ಮನೆಯ ಮಕ್ಕಳೊಡನೆ ಕುಳಿತು ಮೊದಲು ಮನಸಾರ ನಗಬೇಕು. ಆಮೇಲೆ, ಚಿತ್ರದೊಳಗೆ ಯಾರು ಯಾರು ಇದ್ದಾರೆಂದು ಮಕ್ಕಳಿಂದ ಎಣಿಸಿ, ಇರಬೇಕಾಗಿದ್ದು ಇಲ್ಲದವರು ಯಾರೆಂದು ಅವರನ್ನೇ ಕೇಳಬೇಕು.